ಸಾಹುಕಾರರು ದಾರಿ ಬಿಟ್ಟರು

ಮಾಗಿಯ ಚಳಿ. ಬೆಳಗಿನ ಏಳು ಗಂಟೆ. ಊರಿಗೆ ಊರೇ ಕಂಬಳಿ ಹೊದ್ದಿರುವಾಗ ಒಬ್ಬ ಶ್ರೀಮಂತನ ಹೊಟ್ಟೆ ಮಾತ್ರ ಉರಿಯುತ್ತಿತ್ತು. ಶೇಂಗಾ ಎಣ್ಣೆಯ ಮಿಲ್ಲು ಅವನದು, ಮನೆ ಮುಂದೆ ಬಿಳಿ ಕಾರು. ಏನು ಕಡಿಮೆಯಾಗಿತ್ತು ಅವನಿಗೆ? ಕಡಿಮೆ ಏನೂ ಇಲ್ಲ. ಹೆಚ್ಚಾಗಿತ್ತು, ನೋಡಿ. ಊರಿಗೆ ಎರಡನೆಯ ಬಿಳಿ ಕಾರು ಬಂದಿತ್ತು.

ತಂದವನು ಪಾಲಯ್ಯ. ಹದಿನಾಲ್ಕು ವರ್ಷ ಇದೇ ಸಾಹುಕಾರನ ಕಾರು ಓಡಿಸಿದವನು, ಸಾಹುಕಾರನಿಗೂ ಓಡಿಸಲು ಕಲಿಸಿದವನು. ಈಗ ಯಾರೋ ಓಡಿಸಿ ಬಿಟ್ಟ ಹಳೇ ಕಾರೊಂದನ್ನು ಕೊಂಡಿದ್ದ. ಹಿಂದಿನ ದಿನ ಚಹಾದಂಗಡಿಯವನು, 'ಬರ್ರಿ ಓನರ್ರೇ, ಕುತ್ಕಳ್ರಿ' ಅಂದ. ಸಾಹುಕಾರ ಕೂರಲು ಹೋದ. ಅಂದದ್ದು ಅವನ ಹಿಂದಿದ್ದ ಪಾಲಯ್ಯನಿಗೆ.

ಮನೆಗೆ ಬಂದು ಹೆಂಡತಿಯ ಮುಂದೆ ಕೂತ. 'ನನ್ ಕಾರು ತೊಳೀತಿದ್ದೋನು ಇವತ್ತು ಓನರ್ರಂತೆ.'

'ನಿಮ್ ಕಾರು ನಿಮ್ಮತ್ರಾನೇ ಐತಲ್ರೀ?'

ಹೊಟ್ಟೆಕಿಚ್ಚಿಗೆ ನಮ್ಮದು ಏನೂ ಕಳೆದುಹೋಗಬೇಕಿಲ್ಲ. ಇನ್ನೊಬ್ಬನಿಗೆ ಸಿಕ್ಕರೆ ಸಾಕು.

ಆ ಚಳಿಯ ಬೆಳಿಗ್ಗೆ ಸಾಹುಕಾರ ತಾನೇ ಕಾರು ಓಡಿಸುತ್ತ ಹೆದ್ದಾರಿಯಲ್ಲಿ ಬರುತ್ತಿದ್ದ. ಪಾಲಯ್ಯ ಹೆಂಡತಿಯನ್ನು ಕೂರಿಸಿಕೊಂಡು, ಪಕ್ಕದ ರಸ್ತೆ ಹೆದ್ದಾರಿಗೆ ಸೇರುವ ಬಾಯಲ್ಲಿ ನಿಂತಿದ್ದ. ನಿಂತಿದ್ದ, ನೆನಪಿಡಿ. ಸೇರುವವನು ನಿಲ್ಲಬೇಕು, ನೇರ ಬರುವವನು ಮೊದಲು ಹೋಗಬೇಕು. ಪಾಲಯ್ಯ ನಿಯಮದಂತೆಯೇ ಇದ್ದ.

ಸಾಹುಕಾರನಿಗೆ ಆ ಬಿಳಿ ಮೂತಿ ಕಂಡಿತು. ಇವನು ನನ್ನ ಮುಂದೆ ಹೋಗುವುದೇ? ನಿಲ್ಲೋ ಎನ್ನುವ ಹಾಗೆ ಒಂದು ಸಲ ಲೈಟು ಹೊಡೆದ, ಕಾರಿನ ವೇಗ ಏರಿಸಿದ.

ಗಂಟು ಇಲ್ಲೇ ಇದೆ. ಕಲಿಸುವ ಕಾಲಕ್ಕೆ ಪಾಲಯ್ಯ ಹೇಳಿದ್ದ: 'ಲೈಟ್ ಹೊಡೆಯಾದು ಹೆದರ್ಸಾಕಲ್ಲ ಸಾವ್ಕಾರ್ರೇ. ಒಂದ್ಸಲ ಹೊಡುದ್ರೆ, ನಾನು ನಿಧಾನ ಮಾಡೀನಿ, ನೀನು ಬಾ ಅಂತ.' ಶಿಷ್ಯ ಮರೆತಿದ್ದ. ಗುರು ಮರೆತಿರಲಿಲ್ಲ.

ಪಾಲಯ್ಯ ಹೆಂಡತಿಗೆ ಹೇಳಿದ: 'ನೋಡ್ದ್ಯಾ, ಸಾವ್ಕಾರ್ರು ದಾರಿ ಬಿಟ್ರು. ಸಿಟ್ಟು ಇಳೀತು ಅನ್ಸುತ್ತೆ.' ನಮಸ್ಕಾರಕ್ಕೆ ಕೈ ಎತ್ತಿ ಕಾರು ಮುಂದೆ ಬಿಟ್ಟ. ಎತ್ತಿದ ಕೈ ಇಳಿಯುವ ಮೊದಲೇ ಸಾಹುಕಾರನ ಕಾರು ಬಂದು ಬಡಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಪಾಲಯ್ಯನ ಹೆಂಡತಿ, ಕೈಗೆ ಪಟ್ಟಿ ಕಟ್ಟಿಸಿಕೊಂಡವಳು, ಸಾಹುಕಾರನಿಗೆ ಇಷ್ಟೇ ಅಂದಳು: 'ನೀವು ದಾರಿ ಬಿಟ್ರಿ ಅಂತಾನೇ ಹೇಳಿದ್ರು ಸಾವ್ಕಾರ್ರೇ.' ಬೈದಿದ್ದರೆ ಸಾಹುಕಾರ ಹೇಗೋ ತಡೆದುಕೊಳ್ಳುತ್ತಿದ್ದ.

ನಮ್ಮ ಮಾತು ನೋಡಿ. ಇನ್ನೊಬ್ಬನಿಗೆ ಜಾಗ ಕೊಟ್ಟವನೂ ದಾರಿ ಬಿಟ್ಟವನೇ, ಕೆಟ್ಟು ಹೋದವನೂ ದಾರಿ ಬಿಟ್ಟವನೇ. ಮೊದಲನೆಯದನ್ನು ಮಾಡಲಾರದವನು ಎರಡನೆಯವನಾಗುತ್ತಾನೆ. ನಗಬೇಡಿ. ಇವತ್ತು ಬೆಳಿಗ್ಗೆ ನೀವು ಯಾರ ಮೇಲೆ ಉರಿಯುತ್ತ ಬೈಕು ಹತ್ತಿದಿರಿ? ಕೇಳಿಕೊಳ್ಳಿ.

ಪಕ್ಕದಿಂದ ಸೇರುವವರು ನಿಲ್ಲಿ. ತಿರುಗಿ ನೋಡಿ, ಸಂದು ಸಿಕ್ಕರೆ ಮಾತ್ರ ಸೇರಿ. ಯಾರದೋ ಲೈಟು ನಂಬಿ ನುಗ್ಗಬೇಡಿ. ನೇರ ಬರುವವರೇ, ಹಕ್ಕು ನಿಮ್ಮದೇ. ಆದರೂ ಪಕ್ಕದ ರಸ್ತೆಯ ಬಾಯಿ ಬಂದಲ್ಲಿ ಕಾಲು ಬ್ರೇಕಿನ ಮೇಲಿರಲಿ. ಹೊಟ್ಟೆ ತಣ್ಣಗಾಗುವ ತನಕ ಗಾಡಿಯ ಕೀಲಿ ಗೋಡೆಯ ಮೊಳೆಯಲ್ಲೇ ತೂಗಲಿ.

ಪಾಲಯ್ಯ ತೀರಿಕೊಂಡದ್ದು ಗುರುವಾರ. ಅವನನ್ನು ಹೊತ್ತವರು ಅದೇ ರಸ್ತೆಯ ಬಾಯಲ್ಲಿ ಹೆದ್ದಾರಿ ದಾಟಿದರು. ಬಸ್ಸು, ಲಾರಿ, ಕಾರು, ಎಲ್ಲ ನಿಂತು ದಾರಿ ಬಿಟ್ಟವು.