ತಿರುಗುವ ಕುರ್ಚಿಯ ಮೇಲ್

...ಅಲ್ಲಕ್ಕಾ, ಮುಖ ಯಾಕೆ ಹಾಗೆ ಮಾಡ್ತೀರಿ? ಮೊದಲು ಕೂತ್ಕೊಳ್ಳಿ. ನಮ್ಮ ಕಂಪನಿಯದೇ ಕುರ್ಚಿ, ಎತ್ತ ಬೇಕಾದರೂ ತಿರುಗುತ್ತೆ. ಈಗ ಪರದೆ ನೋಡಿ. ನೀವು ಅನುವಾದ ಮಾಡಿಕೊಟ್ಟ ಮೇಲ್! ಮುತ್ತು ಪೋಣಿಸಿದ ಹಾಗಿಲ್ವಾ? ಅನುವಾದದ ಅಕ್ಕ ಓದಿ ಸರಿ ಅನ್ನೋವರೆಗೂ ಕಳಿಸಬೇಡ ಅಂದಿದ್ದಾರೆ ಸಾಹೇಬರು. ನಾನೇನು ಅವರ ಮಾತು ಮೀರೋನಾ? ‘ಸರಿ ಇದೆ’ ಅಂತ ಒಂದೇ ಒಂದು ಮಾತು ಹೇಳಿಬಿಡಿ. ಈ ಕುರ್ಚಿ ಆರ್ಡರ್ ಸಿಕ್ಕಿದರೆ ನನ್ನ ಕೆಲಸ ಕಾಯಂ. ಸಿಗದಿದ್ದರೆ ಗಂಟು ಮೂಟೆ... ಸಿಗದೆ ಏನು! ಕೈ ಹಾಕಿರೋನು ಯಾರು?

ನಗ್ತೀರಾ? ನಗಿ, ನಗಿ. ನಾನು ಪಟ್ಟ ಪಾಡು ನಿಮಗೇನು ಗೊತ್ತು! ಕುರ್ಚಿ ಕೊಳ್ಳೋ ಆ ಪರದೇಶದವರ ಬರಹ ಬಲದಿಂದ ಎಡಕ್ಕೆ. ನಮ್ಮ ಕಂಪನಿ ಹೆಸರು, ಫೋನ್ ನಂಬರು ಎಡದಿಂದ ಬಲಕ್ಕೆ. ಎರಡನ್ನೂ ಒಂದೇ ಸಾಲಿಗೆ ಕಟ್ಟಿದ್ದೇ ತಡ... ಅಬ್ಬಬ್ಬಾ! ಎತ್ತು ಏರಿಗೆಳೆದರೆ ಕೋಣ ನೀರಿಗೆ! ಸಾಲಿನ ಕೊನೆ ಚುಕ್ಕಿ ಓಡಿ ಬಂದು ತಲೆ ಮೇಲೆ ಕೂತಿತು. ಕಂಪನಿ ಹೆಸರು ಮಧ್ಯದಿಂದೆದ್ದು ಮೂಲೆ ಸೇರಿತು, ಥೇಟ್ ಮುನಿಸಿಕೊಂಡ ಅಳಿಯ!

ಪಕ್ಕದ ಟೇಬಲ್ಲಿನ ಕನ್ನಡಕ ಇದಾನಲ್ಲ, ಅವನು ಬಂದು ಬುದ್ಧಿ ಹೇಳ್ತಾನೆ. ‘ಕೋಡಿನಲ್ಲಿ ದಿಕ್ಕು ಹೇಳೋ ಒಂದು ಪದ ಹಾಕು ಮಾರಾಯ, ಓದೋರ ಕಂಪ್ಯೂಟರೇ ಬಲದಿಂದ ಜೋಡಿಸಿಕೊಳ್ಳುತ್ತೆ’ ಅಂತ. ಒಂದು ಪದವಂತೆ! ಒಂದು ಪದದಲ್ಲಿ ಮುಗಿಯೋ ಕೆಲಸಕ್ಕೆ ನನ್ನಂಥೋನು ಯಾಕೆ ಬೇಕು? ಊರಲ್ಲಿ ನಮ್ಮತ್ತಿಗೆ ನನ್ನನ್ನ ಮೇಲ್ ಇಂಜಿನಿಯರ್ ಅಂತ ಸುಮ್ಮನೆ ಹೇಳ್ಕೊಂಡು ತಿರುಗ್ತಾರಾ? ನೀವು ಬರೆದ ಒಂದೊಂದು ಸಾಲನ್ನೂ ಕೊನೇ ಅಕ್ಷರದಿಂದ ಹಿಡಿದು ತಿರುಗಿಸಿದೆ! ಒಂದೊಂದೇ ಅಕ್ಷರ ಎತ್ತಿ, ಬತ್ತದ ಸಸಿ ನೆಟ್ಟ ಹಾಗೆ ನೆಟ್ಟೆ, ಪರದೆ ಮೇಲೆ ನೆಟ್ಟಗೆ ಕಾಣೋವರೆಗೂ. ಹೌದು, ಓದಕ್ಕೆ ಬರಲ್ಲ. ಸಸಿ ನೆಡೋನು ಸಸಿ ಜತೆ ಮಾತಾಡ್ತಾನಾ? ಅನುಮಾನ ಬಂದಾಗ ಕನ್ನಡಿ ಹಿಡಿದು ನೋಡಿದೆ. ಆಫೀಸಿಗೆ ಆಫೀಸೇ ನಾನು ಮೀಸೆ ತಿದ್ದಿಕೊಳ್ತಿದ್ದೀನಿ ಅಂದ್ಕೊಂಡಿತು! ಇದರಲ್ಲಿ ಇನ್ನೊಬ್ಬರ ಬೆರಳು ತಾಗಿಲ್ಲಕ್ಕಾ. ಆದಿಯಿಂದ ಅಂತ್ಯದವರೆಗೂ ನಂದೇ.

ಯಾಕೆ, ನಗು ನಿಂತುಹೋಯ್ತು? ತಲೆ ಯಾಕೆ ಹಿಡ್ಕೊಂಡ್ರಿ? ಏನು... ಅವರ ಕಂಪ್ಯೂಟರು ಇದನ್ನ ಮತ್ತೊಂದು ಸಲ ತಿರುಗಿಸುತ್ತಾ? ಅಂದ್ರೆ ನಾನು ತಿರುಗಿಸಿದ್ದನ್ನ ಅದೂ ತಿರುಗಿಸಿ... ತಿರುಗಲಿ ಬಿಡಿ! ಕುರ್ಚಿ ಮಾರೋದೇ ತಿರುಗೋಕೆ ತಾನೇ? ನೀವು ‘ಸರಿ’ ಅಂದುಬಿಡಿ ಸಾಕು.

ಅಯ್ಯೋ, ಕೆಳಗಿಳಿಸಬೇಡಿ! ಮೌಸ್ ಕೊಡಿ ಇಲ್ಲಿ. ಕೆಳಗೇನಿಲ್ಲ ಅಕ್ಕಾ, ಖಾಲಿ ಜಾಗ... ಆ ನಾಲ್ಕು ಸಾಲಾ? ಅದು... ಅದು ನನ್ನದಲ್ಲ. ಅವರದ್ದು. ಊಟ ಮಾಡಿ ಬರೋಷ್ಟರಲ್ಲಿ ಬಂದು ಕೂತಿತ್ತು. ಅವರ ಉತ್ತರ. ಹಾಗೆ ನೋಡಬೇಡಿ, ಬೆಳಿಗ್ಗೆ ಬೆರಳು ತಾನಾಗೇ ಕಳಿಸೋ ಗುಂಡಿ ಒತ್ತಿಬಿಡ್ತು. ಓದಿ ಹೇಳಿ, ಬೈದಿದ್ದಾರಾ?

ಅದೇನು, ಎಡದಿಂದ ಬೆರಳಿಟ್ಟು ಓದ್ತಿದ್ದೀರಿ? ಅವರದ್ದು ಬಲದಿಂದ ಅಲ್ವಾ? ಅಯ್ಯೋ ದೇವರೇ... ಅವರೂ ತಿರುಗಿಸಿಯೇ ಬರೆದಿದ್ದಾರಾ? ನಮ್ಮ ಕಂಪನಿ ಪದ್ಧತಿ ಅಂದ್ಕೊಂಡು, ಮರ್ಯಾದೆ ಕೊಟ್ಟು! ನೋಡಿದ್ರಾ! ಎಂಥಾ ಸುಸಂಸ್ಕೃತ ಜನ! ಆರ್ಡರ್ ಕೊಟ್ಟ ಹಾಗೇ ಲೆಕ್ಕ! ಅಲ್ವಾ?

...ಅಕ್ಕಾ?

ಬೆರಳು ಯಾಕೆ ನಿಂತಿತು? ಮೊದಲನೇ ಸಾಲಲ್ಲೇ ಇದ್ದೀರಲ್ಲ. ಮುಂದಕ್ಕೆ ಓದಿ. ಅಲ್ಲೇನಿದೆ ಅಂಥದ್ದು? ಮೇಲಿನ ಸಾಲಲ್ಲಿ ಇರೋದು ಕಾಗದ ಯಾರಿಗೋ ಅವರ ಹೆಸರು ತಾನೇ...

ಬೈದುಬಿಡಿ ಅಕ್ಕಾ. ಸಹಿ ಜಾಗ ಖಾಲಿ ಇತ್ತು, ನಿಮ್ಮ ಹೆಸರು ಹಾಕಿಬಿಟ್ಟೆ. ನನ್ನ ಹೆಸರೇ ಹಾಕೋಣ ಅಂತಲೇ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆ ಗೊತ್ತಾ... ಅಷ್ಟೂ ಸಾಲು ತಿರುಗಿಸಿದ ಕೈ, ಅದೊಂದನ್ನ ಬರೀಲಿಲ್ಲ.