ಕಂಪ್ರೆಸರ್ ಕೂರಿಸುವ ಜಾಗ

...ಬೋನೆಟಿನ ಅಡಿಯಲ್ಲಿ ಬೇಡ ಅಂತ ಎಷ್ಟು ಸಲ ಹೇಳುದು ಜಯಂತಾ? ಬೇಡ ಅಂದರೆ ಬೇಡ. ಇಲ್ಲಿ ಕೈ ಇಡು... ಇಡು ಮಾರಾಯ, ಎಂತ ಹೆದರುದು... ಹಾಂ! ಸುಟ್ಟಿತಾ? ನಿನ್ನ ಮನೆಯಿಂದ ನನ್ನ ಶೆಡ್ಡಿಗೆ ಬಂದದ್ದಕ್ಕೇ ಇಷ್ಟು ಬಿಸಿ. ಈ ಗಾಳಿ ಹೊಡೆಯುವ ಕಂಪ್ರೆಸರ್ ಉಂಟಲ್ಲ, ಅದು ಅದರಷ್ಟಕ್ಕೇ ಕಾಯ್ತದೆ. ಅದನ್ನು ಕೊಂಡುಹೋಗಿ ಇಂಜಿನಿನ ಮಗ್ಗುಲಲ್ಲಿ ಮಲಗಿಸಿದರೆ ಮೂರು ಟಯರಿಗೆ ಗಾಳಿ ಆಗುವಾಗ ಅದರ ಜೀವ ಹೋಗಿರ್ತದೆ. ನಾಲ್ಕನೆಯದ್ದಕ್ಕೆ ಶಿರಿಯದ ಕಡಲ ಬದಿಯ ಹೊಯ್ಗೆಯಲ್ಲಿ ಕೂತು ನೀನು ಬಾಯಲ್ಲಿ ಊದು!

ನಗಬೇಡ. ಹೊಯ್ಗೆಗೆ ಇಳಿಯುವಾಗ ಟಯರಿನ ಗಾಳಿ ಬಿಡುದು ನೀವು ಹುಡುಗರೇ, ಡಾಮರಿಗೆ ಹತ್ತುವಾಗ ಪುನಃ ತುಂಬಿಸಬೇಕಾದ್ದೂ ನೀವೇ. ಆಟ ಯಾರದ್ದು? ನಿಮ್ಮದು. ನನ್ನ ಹಳೇ ಜೀಪು ಹೊಯ್ಗೆಯನ್ನೇ ಕಂಡದ್ದಿಲ್ಲ, ಅದಕ್ಕೆ ಗುಡ್ಡೆ ಹತ್ತಿ ಇಳಿದೇ ಪುರುಸೊತ್ತಿಲ್ಲ.

ಎಂತ? ಸೀಟಿನ ಅಡಿಯಲ್ಲಾ? ಅಲ್ಲಿ ಜಾಕಿ ಉಂಟು. ಜಾಕಿ ತೆಗೆದರೂ ಗಾಳಿ ಆಡ್ಲಿಕ್ಕೆ ಜಾಗ ಎಲ್ಲಿ? ಮತ್ತೆ ಆ ಶಬ್ದ! ಅದು ಗಡಗಡ ಅನ್ನುವಾಗ ಪೂಜಾಶ್ರೀ ಅದರ ಮೇಲೆ ಕೂತಿರ್ತಾಳಾ? ಸಾಕು ನಿನ್ನ ಸಂಸಾರ ಅಂತ ಇಳಿದು ಬಸ್ಸು ಹಿಡೀತಾಳೆ... ಚೇಸಿಸಿಗೆ ನೇತು ಹಾಕುದಾ? ಅಯ್ಯೋ ದೇವರೇ! ತೋಡು ದಾಟುವಾಗ? ಅದು ಹೊರಗಿನ ಗಾಳಿ ಎಳೆಯುವ ಯಂತ್ರ ಮಾರಾಯ, ನೀರು ಕೊಟ್ಟರೆ ನೀರನ್ನೇ ಎಳೀತದೆ. ಅಲ್ಲಿಗೆ ಅದರ ಕಥೆ ಮುಗೀತು.

ಹಿಂದೆ ಹಾಕುವ. ನನ್ನ ಮಾತು ಕೇಳು. ಹಿಂದಿನ ತಳದಲ್ಲಿ, ಚಕ್ರದ ಗೂಡಿಗೆ ತಾಗಿಸಿ. ತಂಪು, ಒಣ, ಬಾಗಿಲು ತೆಗೆದರೆ ಕೈಗೆ ಸಿಕ್ತದೆ. ವಯರು ಉದ್ದ ಆಗ್ತದಾ? ಆಗ್ಲಿ! ದಪ್ಪದ್ದು ಎಳೆಯುವ, ಬ್ಯಾಟರಿಯ ಬುಡದಲ್ಲೇ ಫ್ಯೂಸು ಕೊಡುವ. ...ಎಂತ ಹಾಗೆ ನೋಡುದು? ಕೊರೆಯಬೇಕಾ ಅಂತಲಾ? ಕೊರೆಯದೆ ಮತ್ತೆ ಗೋಂದು ಹಾಕಿ ಅಂಟಿಸುದಾ? ಕಂಪ್ರೆಸರಿನ ಡಬ್ಬ ಹೋದ ವಾರವೇ ತಂದಿಟ್ಟು, "ಕಿಟ್ಟಣ್ಣ, ನೀವೇ ಒಳ್ಳೆಯ ಜಾಗ ನೋಡಿ ಕೂರಿಸಿಕೊಡಿ" ಹೇಳಿದ್ದು ಯಾರು? ನೀನೇ ಅಲ್ವಾ? ಜಾಗ ನೋಡಿದ್ದೇನೆ. ಚೆಂದದ ಜಾಗ. ಆಗಬಹುದಾ? ...ಬಾಯಿ ತೆಗೆದು ಹೇಳ್ಲಿಕ್ಕೆ ಎಂತ ಕಷ್ಟ? ಆಯ್ತು, ತಲೆ ಆಡಿಸಿದೆ ಅಲ್ಲ, ಸಾಕು.

ದಮಯಂತೀ! ಎರಡು ಚಾಯ! ಜಯಂತನದ್ದಕ್ಕೆ ಸಕ್ಕರೆ ಹಾಕು.

ಆ ಮ್ಯಾಟ್ ಎಳಿ... ಹಾಂ. ಕೆಳಗೆ ಬಗ್ಗಿ ನೋಡಿಯೇ ಗುರುತು ಹಾಕಿದ್ದು, ಹೆದರಬೇಡ. ಟ್ಯಾಂಕು ಆ ಬದಿ, ಬ್ರೇಕಿನ ಪೈಪು ಈ ಬದಿ. ನೋಡದೆ ಕೊರೆದು ಡೀಸೆಲಿನಲ್ಲಿ ಸ್ನಾನ ಮಾಡಿದವರು ಉಂಟು, ಹೆಸರು ಬೇಡ... ಸ್ವಲ್ಪ ಆಚೆ ನಿಲ್ಲು. ಕಣ್ಣಿಗೆ ಚೂರು ಹಾರ್ತದೆ.

...ಹೋಯ್ತು ನೋಡು. ಬೆಣ್ಣೆಗೆ ಹೋದ ಹಾಗೆ ಹೋಯ್ತು. ಒಂದಾಯ್ತು.

ಅಲ್ಲ ಜಯಂತಾ, ಈ ತಳ ಕಾಣುವಾಗ ನಿನಗೆ ಎಂತ ನೆನಪಾಗ್ತದೆ? ಎಂತದೂ ಇಲ್ಲವಾ? ನನಗೆ ಆಗ್ತದೆ. ನನಗೆ ಹೋದ ವರ್ಷದ ದೈವದ ಕೋಲ ನೆನಪಾಗ್ತದೆ. ಆಹಾ, ಈಗ ಮುಖ ಯಾಕೆ ಆ ಕಡೆ ಮಾಡಿದೆ? ಇಲ್ಲಿ ನೋಡು. ದೈವದ ಬಂಡಾರ, ಕತ್ತಿ, ಗಂಟೆ, ಮೊಗ, ಎಲ್ಲ ಬಂಡಾರದ ಮನೆಯಿಂದ ದೈವದ ಸ್ಥಾನಕ್ಕೆ ಯಾರ ಜೀಪಿನಲ್ಲಿ ಬರುದು? ಕಿಟ್ಟಣ್ಣನ ಜೀಪಿನಲ್ಲಿ. ಅದಕ್ಕೆ ಮೊದಲು? ನನ್ನ ಮಾವ ತಲೆಯಲ್ಲಿ ಹೊತ್ತದ್ದು. ನನಗೆ ಊರಿನಲ್ಲಿ ಬೇರೆ ಎಂತ ಉಂಟು ಹೇಳು! ಗದ್ದೆ ಇಲ್ಲ, ತೋಟ ಇಲ್ಲ, ಗಲ್ಫಿಗೆ ಹೋದವನಲ್ಲ. ವರ್ಷಕ್ಕೆ ಒಂದು ಸಂಜೆ ನನ್ನ ಜೀಪಿನ ಮುಂದೆ ವಾಲಗ, ಹಿಂದೆ ಇಡೀ ಊರು. ಆ ಒಂದು ಸಂಜೆಗೆ ನಾನು ಇಡೀ ವರ್ಷ ಬದುಕುದು ಮಾರಾಯ.

ಎರಡು.

ಹೋದ ವರ್ಷ ಸ್ಥಾನಕ್ಕೆ ಹೋಗುವ ಆ ಏರಿನಲ್ಲಿ ನನ್ನ ಹಿಂದಿನ ಟಯರು ಕೂತಿತು. ವಾಲ್ವ್ ಬಿಟ್ಟಿತು, ಅಷ್ಟೆ. ಪಂಚರಲ್ಲ, ಎಂತದೂ ಅಲ್ಲ. ಒಂದು ವಾಲ್ವ್ ತಿರುಪಿ ಸ್ವಲ್ಪ ಗಾಳಿ ಹೊಡೆದರೆ ಹೋಗ್ತಿತ್ತು. ನಿನ್ನ ಹತ್ತಿರ ಆ ಸಣ್ಣ ಕಂಪ್ರೆಸರ್ ಇತ್ತು. ನಾನು ಓಡಿ ಬಂದು ಕೇಳಿದೆ, ನಿನಗಿಂತ ಎಷ್ಟು ದೊಡ್ಡವನು ನಾನು, ಆದರೂ ಕೈ ಮುಗಿದ ಹಾಗೆ ಕೇಳಿದೆ: "ಜಯಂತಾ, ಸ್ವಲ್ಪ ಗಾಳಿ ಕೊಡು." ನೀನು ಎಂತ ಹೇಳಿದೆ? ಹೇಳು, ಎಂತ ಹೇಳಿದೆ? ...ನಾನೇ ಹೇಳ್ತೇನೆ. "ಗಾಳಿ ಎಂತಕ್ಕೆ ಕಿಟ್ಟಣ್ಣ, ಬಂಡಾರ ನನ್ನದಕ್ಕೆ ಏರಿಸಿ ಬಿಡಿ. ಇದು ಫೋರ್ ವೀಲ್."

ಫೋರ್ ವೀಲ್! ಇಡೀ ಊರಿನ ಎದುರು! ವಾಲಗದವರು ನಿಲ್ಲಿಸಿದರು, ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು. ನಾನು ಖಾಲಿ ಜೀಪಿನ ಹತ್ತಿರ ಸ್ಪ್ಯಾನರ್ ಹಿಡಿದು ನಿಂತಿದ್ದೆ, ನಿನ್ನ ಜೀಪು ಬಂಡಾರ ಏರಿಸಿಕೊಂಡು ನನ್ನ ಬದಿಯಿಂದ ಹೋಯ್ತು. ಧೂಳು ನನ್ನ ಮುಖಕ್ಕೇ ಬಿತ್ತು ಮಾರಾಯ. ನಾನು ಒರಸಲಿಲ್ಲ. ಗೊತ್ತುಂಟಾ? ಮನೆಗೆ ಹೋಗುವವರೆಗೆ ಒರಸಲಿಲ್ಲ.

ಮೂರು. ...ಎಂತ, ಚಾಯ ತಣಿಯಿತಾ? ಕುಡಿ, ಕುಡಿ.

ಆ ಮೇಲೆ ಊರಲ್ಲಿ ಒಂದೇ ಮಾತು. ಈ ವರ್ಷವೂ ಜಯಂತನದ್ದೇ ಆಗಲಿ, ಇನ್ನು ಮುಂದೆ ಜಯಂತನದ್ದೇ ಆಗಲಿ, ಹೊಸ ಗಾಡಿ, ಕೈ ಕೊಡುದಿಲ್ಲ. ನಾನು ಎದುರು ಸಿಕ್ಕಿದರೆ ಮಾತು ನಿಲ್ಲಿಸುದು. ನೀನು ಮಾತ್ರ ಎಲ್ಲಿ ಕಂಡರೂ "ಕಿಟ್ಟಣ್ಣ, ಚಾಯ ಆಯ್ತಾ?" ನನ್ನ ಹೊಟ್ಟೆ ಉರಿಯುದು ನಿನಗೆ ಕಾಣ್ಲಿಕ್ಕೆ ಇಲ್ಲ. ನಾನೂ ನಗಾಡಿಕೊಂಡೇ ಇದ್ದೆ. ಹಲ್ಲು ಕಚ್ಚಿ ನಗಾಡುದು ಹೇಗೆ ಅಂತ ಈ ಒಂದು ವರ್ಷದಲ್ಲಿ ಕಲಿತೆ.

ನಾಲ್ಕು! ಆಯ್ತು. ಇನ್ನು ರಬ್ಬರು ಬುಷ್ಷು... ವಾಷರು... ಆ ಸ್ಪ್ಯಾನರ್ ಕೊಡು. ಅದಲ್ಲ, ಅದರ ಸಣ್ಣದ್ದು. ಹಾಂ... ಹೂಂ... ಹಿಡಿಯಿತು. ಅಲ್ಲಾಡಿಸಿ ನೋಡು. ಅಲ್ಲಾಡ್ತದಾ? ಇನ್ನು ಜೀಪು ಪಲ್ಟಿ ಆದರೂ ಅದು ಅಲ್ಲಾಡುದಿಲ್ಲ!

ಈಗ ನಾನು ನಗಾಡಬಹುದಾ ಜಯಂತಾ?

ಯಾಕೆ ಅಂತ ಕೇಳು. ಕೇಳುದಿಲ್ಲವಾ? ಹೇಳ್ತೇನೆ. ನಮ್ಮ ಸ್ಥಾನದ ಕಟ್ಟುಕಟ್ಲೆ ಒಂದು ಉಂಟು, ನೀನು ಇದ್ದ ಶಾರ್ಜಾದಲ್ಲಿ ಅದನ್ನು ಯಾರೂ ಹೇಳಿಕೊಡುದಿಲ್ಲ. ಬಂಡಾರ ಇಡುವ ತಳಕ್ಕೆ ಮನುಷ್ಯನ ಕೈಯಿಂದ ತೂತು ಬೀಳಬಾರದು. ಕಂಪೆನಿಯಿಂದ ಬಂದ ತೂತು ಬೇರೆ, ಅದು ಹುಟ್ಟುವಾಗಲೇ ಇದ್ದದ್ದು. ಕೊರೆದದ್ದು ಬೇರೆ. ಮತ್ತೆ ಬಂಡಾರದ ಬದಿಯಲ್ಲಿ ಯಂತ್ರ ಕೂರಬಾರದು. ತಲೆಯಲ್ಲಿ ಹೊರುವ ಕಾಲ ಹೋಗಿ ಜೀಪು ಬಂದಾಗ ಹಿರಿಯರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಕಟ್ಟಿದ ಕಟ್ಟು ಅದು. ನಾನು ನನ್ನ ಜೀಪಿನ ಹಿಂದಿನ ತಳಕ್ಕೆ ಇಷ್ಟು ವರ್ಷ ಒಂದು ಕೊಕ್ಕೆ ಸಹ ಹಾಕಿಸಲಿಲ್ಲ, ಯಾಕೆ ಅಂದುಕೊಂಡೆ? ಈಗ ನಿನ್ನ ಜೀಪಿಗೆ ನಾಲ್ಕು ತೂತು! ಬೆಸುಗೆ ಹಾಕಿ ಮುಚ್ಚಿದರೂ ಕೊರೆದದ್ದು ಕೊರೆದದ್ದೇ! ಇನ್ನು ಈ ಜನ್ಮದಲ್ಲಿ ನಿನ್ನ ಈ ಫೋರ್ ವೀಲಿಗೆ ಬಂಡಾರ ಏರುದಿಲ್ಲ! ನೀನೇ ತಲೆ ಆಡಿಸಿ ಕೊರೆಯಿಸಿದ್ದು!

ಹ್ಞಾಂ... ಈಗ ಹೇಳು. ಬೊಬ್ಬೆ ಹಾಕು. ಬಾ, ಕಾಲರ್ ಹಿಡಿ!

...ಎಂತ?

ಎಂತ ಹೀಗೆ ನಿಂತದ್ದು? ನಿನಗೆ ಅರ್ಥ ಆಗಲಿಲ್ಲವಾ? ನಾನು ನಿನಗೆ ಮೋಸ ಮಾಡಿದೆ ಮಾರಾಯ! ಬೇಕಂತಲೇ ಮಾಡಿದೆ! ಹೋದ ವಾರ ನೀನು ಡಬ್ಬ ತಂದಿಟ್ಟಾಗಲೇ ಲೆಕ್ಕ ಹಾಕಿದೆ... ಬೈಯಬೇಕು ನೀನು ಈಗ. ಬೈ!

...ಗೊತ್ತಿತ್ತಾ?

ಇಲ್ಲ, ಗೊತ್ತಿರ್ಲಿಕ್ಕೆ ಸಾಧ್ಯವೇ ಇಲ್ಲ. ಗೊತ್ತಿದ್ದರೆ ಯಾರಾದರೂ ಕೊರೆಯಿಸ್ತಾರಾ? ಯಾರು ಹೇಳಿದ್ದು? ...ಫೋನ್ ಎಂತಕ್ಕೆ ತೋರಿಸುದು? ಕನ್ನಡಕ ಇಲ್ಲ ನನ್ನ ಹತ್ತಿರ... ಇಲ್ಲಿ ಕೊಡು. ಗುರಿಕಾರರು... ಸ್ಥಾನ ನಡೆಸುವ ಗುರಿಕಾರರ ಫೋನಾ? ಇವತ್ತು ಬೆಳಿಗ್ಗೆಯಾ?

ಎಂತ ಹೇಳಿದರು?

ಎಂತ ಹೇಳಿದರು ಜಯಂತಾ... ಕಟ್ಟುಕಟ್ಲೆ ಮಾತ್ರ ಹೇಳಿದರಾ? ...ಬೇರೆ ಎಂತ ಇರ್ತದೆ ಹೇಳ್ಲಿಕ್ಕೆ? ನಿನ್ನೆ ಗೊನೆ ಕಡಿಯುವ ಶಾಸ್ತ್ರ ಇತ್ತು, ಹೌದು, ಕೋಲಕ್ಕೆ ಬಾಳೆಗೊನೆ ಕಡಿಯುವ ದಿನವೇ ಯಾರ ಗಾಡಿ ಅಂತ ಹೇಳುದು ವಾಡಿಕೆ. ನೀನು ಬಂದಿರಲಿಲ್ಲ, ಏರ್‌ಪೋರ್ಟಿಗೆ ಹೋಗಿದ್ದೆ. ನಾನು ಇದ್ದೆ. ಗುರಿಕಾರರು ನಿನ್ನ ಹೆಸರು ಹೇಳ್ಲಿಕ್ಕೆ ಬಾಯಿ ತೆಗೆದಿದ್ದರು...

ಹಾಗೆ ನೋಡಬೇಡ.

ನೋಡಬೇಡ ಅಂದೆ! ...ಹೌದು, ಹೇಳಿದೆ. ಜಯಂತನ ಗಾಡಿ ಆಗುದಿಲ್ಲ, ಅದರ ತಳ ಕೊರೆದು ಆಗಿದೆ, ಯಂತ್ರ ಕೂರಿಸಿ ಆಗಿದೆ, ಕೂರಿಸಿದ್ದು ಈ ನನ್ನ ಕೈಯೇ ಅಂತ ಹೇಳಿದೆ. ಅವರು ನಂಬಲಿಲ್ಲ. ನಂಬದೆ ಇದ್ದಾಗ... ಸ್ಥಾನದ ಹೊಸ್ತಿಲು ಮುಟ್ಟಿ ಹೇಳಿದೆ.

ಆಗ ನಿನ್ನ ಜೀಪಿಗೆ ಒಂದು ಗೀರು ಸಹ ಬಿದ್ದಿರಲಿಲ್ಲ. ಡಬ್ಬ ನನ್ನ ಶೆಡ್ಡಿನಲ್ಲೇ ಇತ್ತು. ನಾಲ್ಕು ದಿನದಲ್ಲಿ ನೀನು ಜೀಪು ಹೇಗೂ ತರ್ತಿ, ನಾನು ಹೇಗೂ ಕೊರೆಯುದೇ, ಸ್ವಲ್ಪ ಮೊದಲು ಹೇಳಿದರೆ ಎಂತ ಅಂತ... ಅಷ್ಟೇ ಯೋಚನೆ ಮಾಡಿದ್ದು. ಬಾಯಿಂದ ಬಂದು ಹೋಯ್ತು. ಕೈ ಹೊಸ್ತಿಲಿಗೆ ತಾಗಿಯೂ ಹೋಯ್ತು.

ಅವರು ಬೆಳಿಗ್ಗೆ ನಿನ್ನ ಹತ್ತಿರ ಕೇಳಿದರಾ, ಹೌದಾ ಅಂತ? ...ನೀನು ಎಂತ ಹೇಳಿದೆ? "ಹೌದು" ಹೇಳಿದೆಯಾ? ಜಯಂತಾ, ನಿಜ ಹೇಳು, ಹೌದು ಅಂತ ಹೇಳಿದೆಯಾ? ...ಮತ್ತೆ ಅವರು ನೋಡ್ಲಿಕ್ಕೆ ಬರ್ತೇನೆ ಹೇಳಿದರಾ? ಇವತ್ತಾ? ಅದಕ್ಕೇ ತಿಂಡಿ ಸಹ ತಿನ್ನದೆ ಜೀಪು ತಂದದ್ದಾ ನೀನು? ನಾನು ಕೊರೆಯುವಾಗ ಬಾಯಿ ಮುಚ್ಚಿ ನಿಂತದ್ದಾ?

ನನ್ನ ಮಾತು ಸುಳ್ಳಾಗಬಾರದು ಅಂತ, ನಿನ್ನ ಹೊಸ ಜೀಪಿಗೆ ನನ್ನ ಕೈಯಿಂದಲೇ...

ಅಯ್ಯೋ. ಇದು ಎಂತ ಮಾಡಿದೆ ಮಾರಾಯ ನೀನು!

ಹೊಡೆದಿದ್ದರೆ ಹೊಡೆಸಿಕೊಳ್ತಿದ್ದೆ. ಊರ ಎದುರು ಸುಳ್ಳ ಅಂದಿದ್ದರೂ ಒಂದಲ್ಲ ಒಂದು ದಿನ ನಿನಗೆ ತಿರುಗಿ ಕೊಡ್ತಿದ್ದೆ. ಇದಕ್ಕೆ ನಾನು ಎಂತ ಕೊಡ್ಲಿ? ಈ ವರ್ಷ ಬಂಡಾರ ನನ್ನ ಜೀಪಿಗೆ ಏರ್ತದೆ. ಬರುವ ವರ್ಷವೂ. ನಾನು ಸ್ಟೇರಿಂಗ್ ಹಿಡಿದು ಕೂತಿರ್ತೇನೆ, ವಾಲಗ ಊದ್ತಾರೆ, ಜನ ಕೈ ಮುಗೀತಾರೆ, ಆ ಜನರ ನಡುವೆ ಒಂದು ಬದಿಯಲ್ಲಿ ನೀನು ನಿಂತಿರ್ತಿ. ಹೀಗೇ. ಬಾಯಿ ಮುಚ್ಚಿ. ದೈವ ನನ್ನ ಕಡೆ ನೋಡುವ ಮೊದಲು ನಾನು ನಿನ್ನ ಮುಖ ನೋಡಬೇಕಾಗ್ತದೆ, ಇವತ್ತು ಹೇಳ್ತಾನಾ, ಹೇಳುದಿಲ್ಲವಾ ಅಂತ.

ಜಯಂತಾ, ಒಂದು ಹೇಳು. ನೀನು ನನ್ನ ಮರ್ಯಾದೆ ಉಳಿಸಿದ್ದಾ, ಇಲ್ಲ ಸೇಡು ತೀರಿಸಿದ್ದಾ?

...ಗೇಟಿನಲ್ಲಿ ಸ್ಕೂಟರು ನಿಂತಿತು. ಗುರಿಕಾರರೇ. ಹೇಳು ಮಾರಾಯ, ಅವರು ಒಳಗೆ ಬರುವ ಮೊದಲು ಹೇಳು... ಎಂತದಾದರೂ ಹೇಳು!