ಜಾನ್ ಬೀಯ ಗಾಜಿನ ಹೆಂಚು

ಶಿಡ್ಲಘಟ್ಟದಲ್ಲಿ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದ ಗಂಗುಲಮ್ಮನ ಕಿವಿಗೆ ಪಕ್ಕದ ಕಲ್ಲುಬೆಂಚಿನ ಮಾತು ಬಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಜಾನ್ ಬೀ, ಗಾರೆ ಕೆಲಸದ ಬಯ್ಯಪ್ಪನನ್ನು ಹಿಡಿದು ಕೂರಿಸಿದ್ದಳು.

"ಅಡಿಗೆಮನೆ ಬರೀ ಕತ್ಲು, ಬಯ್ಯಪ್ಪ. ಮೇಲೆ ಗಾಜಿನ ಹೆಂಚು ಹಾಕಿದ್ರೆ ಸೋರುತ್ತಾ?"

"ಸರಿಯಾಗಿ ಕೂರಿಸಿದ್ರೆ ಸೋರಲ್ಲಮ್ಮ."

"ಒಂದು ಸಾಕಾ?"

"ಸಾಕು. ಒಲೆ ನೇರಕ್ಕೆ ಮಾತ್ರ ಬೇಡ, ಮಸಿ ಹಿಡಿಯುತ್ತೆ. ನೀವು ಕೂತ್ಕೊಳೋ ಕಡೆ ಹಾಕ್ತೀನಿ."

"ನನ್ನ ಕಡೆ ಬೇಡಪ್ಪ. ಸೊಸೆ ರೊಟ್ಟಿ ತಟ್ಟೋ ಕಡೆ ಹಾಕು. ಅವಳು ಮನೆಗೆ ಬರೋ ಹೊತ್ತಿಗೇ ನನ್ನ ಕಣ್ಣು ಮಂಜಾಗಿತ್ತು. ದಿನಾ ಎದುರಿಗೇ ಕೂತಿರ್ತಾಳೆ, ನಗೋವಾಗ ಹೆಂಗೆ ಕಾಣ್ತಾಳೋ ನೋಡ್ಬೇಕು."

ಬಯ್ಯಪ್ಪ ಎದ್ದು ನಿಂತ. "ನಡೀರಮ್ಮ, ಹೆಂಚಿನ ಅಂಗಡಿ ತೆಗೆದಿರುತ್ತೆ. ಇವತ್ತೇ ಹಾಕಿಬಿಡಣ."

ಗಂಗುಲಮ್ಮ ನಗುತ್ತಾ ಕಾಲು ಸರಿಸಿ ದಾರಿ ಬಿಟ್ಟಳು. ಜಾನ್ ಬೀ ಯಾರ ಕೈಯನ್ನೂ ಹಿಡಿಯದೆ ಬಯ್ಯಪ್ಪನಿಗಿಂತ ಮುಂದೆ ನಡೆದಳು.